ಕೊನೆಯ ಎಳೆತ ಮಗುವಿಗೆ ಬಿಡು

ಸರಸ್ವತೀಪುರಂ, ಮೈಸೂರು

ಮುದ್ದಿನ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ. "ವಾರವೆಲ್ಲ ಮಕ್ಕಳು, ಭಾನುವಾರ ಸಂಪರ್ಕ ತರಗತಿ, ರಾತ್ರಿ ಅಸೈನ್‌ಮೆಂಟು. ಮೂರು ವರ್ಷದಿಂದ ಮಾಡ್ತಿರೋ ಕೆಲಸಕ್ಕೆ ಈಗ ಸರ್ಟಿಫಿಕೇಟ್ ಯಾಕೆ ದೊಡ್ಡಮ್ಮ?" ಎಂದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯಲು ಕೂತೆ.

ಈಗ ನೀನಿರುವಂಥ ವಿಶೇಷ ಶಾಲೆಗೆ ನಾನು ಸೇರಿದ್ದು 1989ರಲ್ಲಿ, ಬರೀ ಬಿ.ಎ. ಇಟ್ಟುಕೊಂಡು. ಮಕ್ಕಳನ್ನು ಕಂಡರೆ ಪ್ರೀತಿ ಇದೆಯಲ್ಲ, ಸಾಕು ಎಂದು ತೆಗೆದುಕೊಂಡರು. ನನ್ನ ತರಗತಿಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನಿದ್ದ. ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವನೆದುರು ಕೂತು, "ಗುಂಡಿ ಹಿಡಿ, ತೂತು ನೋಡು, ತೂರಿಸು" ಎನ್ನುತ್ತಿದ್ದೆ. ಅವನು ಗುಂಡಿ ಹಿಡಿಯುತ್ತಿದ್ದ, ಜಾರುತ್ತಿತ್ತು. ಮತ್ತೆ ಹಿಡಿಯುತ್ತಿದ್ದ, ಮತ್ತೆ ಜಾರುತ್ತಿತ್ತು. ಕೊನೆಗೆ ನಾನೇ ಹಾಕಿ ಕಳಿಸುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಅಂಗಿ ಕಂಡರೇ ಅಳುವ ಹಾಗಾದ. ಒಂದು ದಿನ ಅವನ ತಾಯಿಗೆ, "ಹಟ ಜಾಸ್ತಿ, ಮನಸ್ಸು ಮಾಡಲ್ಲ" ಎಂದುಬಿಟ್ಟೆ. ಆಕೆ ಏನೂ ಹೇಳದೆ ಮಗನ ತಲೆ ಸವರಿದಳು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಬಂದದ್ದು 1992ರಲ್ಲಿ. ಮಾನ್ಯವಾದ ತರಬೇತಿ ಪಡೆದು, ಕೇಂದ್ರ ಪುನರ್ವಸತಿ ರಿಜಿಸ್ಟರಿನಲ್ಲಿ ಹೆಸರು ಸೇರಿಸಿದವರು ಮಾತ್ರ ಈ ಕೆಲಸ ಮಾಡಬೇಕು ಎಂದಿತು. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಗಲೇ ದುಡಿಯುತ್ತಿದ್ದ ನನ್ನಂಥವರು ಕಂಗಾಲಾದೆವು. ಆ ದಶಕದ ಕೊನೆಗೆ ನಮ್ಮಂಥವರಿಗೆಂದೇ ಪರಿಷತ್ತು ಬ್ರಿಡ್ಜ್ ಕೋರ್ಸ್ ತಂದಿತು. ಸಿಟ್ಟಿನಲ್ಲೇ ಹೋಗಿದ್ದೆ, ಈಗ ನಿನಗೆ ಬಂದಿದೆಯಲ್ಲ, ಅದೇ ಸಿಟ್ಟು.

ಅಲ್ಲೊಬ್ಬ ಮೇಷ್ಟ್ರು ಗುಂಡಿ ಹಾಕುವ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಬಿಡಿಸಿ ಬೋರ್ಡಿನ ಮೇಲೆ ಬರೆದರು. ಆಮೇಲೆ ಹೇಳಿದರು: ಮೊದಲ ಹೆಜ್ಜೆಯಿಂದ ಕಲಿಸಬೇಡಿ, ಕೊನೆಯದರಿಂದ ಕಲಿಸಿ. ಗುಂಡಿಯನ್ನು ತೂತಿನಲ್ಲಿ ಮುಕ್ಕಾಲು ಭಾಗ ನೀವೇ ತೂರಿಸಿ, ಆಚೆಗೆ ಎಳೆಯುವುದಷ್ಟನ್ನೇ ಮಗುವಿಗೆ ಬಿಡಿ. ಎಳೆದ ಕೂಡಲೇ ಗುಂಡಿ ಬಿದ್ದಿರುತ್ತದೆ, ಕೆಲಸ ಮುಗಿದಿರುತ್ತದೆ, ಮುಗಿಸಿದ್ದು ಮಗು. ಅದು ಚೆನ್ನಾಗಿ ಬಂದ ಮೇಲೆ ಅರ್ಧ ತೂರಿಸಿ ಬಿಡಿ. ಹಾಗೇ ಒಂದೊಂದೇ ಹೆಜ್ಜೆ ಹಿಂದಕ್ಕೆ ಬನ್ನಿ. ಮೊದಲು ದೊಡ್ಡ ಗುಂಡಿ, ಮೇಜಿನ ಮೇಲಿಟ್ಟ ಬಟ್ಟೆ. ಆಮೇಲೆ ಮೈಮೇಲಿನ ಅಂಗಿ.

ಪುಟ್ಟಿ, ನಾನು ಬೆಂಚಿನ ಮೇಲೆ ಕೂತೇ ಅತ್ತೆ. ಒಂದೂವರೆ ವರ್ಷ ಆ ಮಗುವಿಗೆ ನಾನು ದಿನಾ ಸೋಲನ್ನೇ ಅಭ್ಯಾಸ ಮಾಡಿಸಿದ್ದೆ. ಕೋರ್ಸ್ ಮುಗಿಸಿ ಬಂದು ಬೇರೆ ಮಕ್ಕಳಿಗೆ ಹಾಗೇ ಕಲಿಸಿದೆ, ಕಲಿತರು. ಅವನು ಮಾತ್ರ ಅಷ್ಟರಲ್ಲಿ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿತ್ತು. ನನ್ನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ನನಗೆ ತಿಳಿಯದೆ ಇದ್ದದ್ದಕ್ಕೆ ಬೆಲೆ ತೆತ್ತವನು ಅವನು. ನೀನು ಕೇಳಿದೆಯಲ್ಲ ಯಾಕೆ ಎಂದು, ನನ್ನ ಉತ್ತರ ಇಷ್ಟೇ.

ಕಾಯ್ದೆಯ ಮಾತೂ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ತರಬೇತಿ ಪಡೆದ ಶಿಕ್ಷಕರನ್ನು ಸರ್ಕಾರದಿಂದ ಕೇಳುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟು, ಪ್ರಾಥಮಿಕದಲ್ಲಿ 10 ವಿಕಲಚೇತನ ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದಿತು. ಹುದ್ದೆ ಕರೆದ ದಿನ ನಿನ್ನ ಮೂರು ವರ್ಷದ ಬೆವರನ್ನು ಯಾರೂ ಕೇಳುವುದಿಲ್ಲ, ರಿಜಿಸ್ಟ್ರೇಷನ್ ನಂಬರು ಕೇಳುತ್ತಾರೆ.

ನಿನ್ನ ಸಂಕಟ ಸುಳ್ಳೆಂದು ಮಾತ್ರ ನಾನು ಹೇಳಲಾರೆ. ಫೀಸು ನಿನ್ನ ಸಂಬಳದಿಂದಲೇ ಹೋಗಬೇಕು, ಪರೀಕ್ಷೆಗೆ ರಜೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ಶಿಕ್ಷಕಿ ಓದಿದರೆ ಲಾಭ ಆಗುವುದು ಶಾಲೆಯ ಮಕ್ಕಳಿಗೇ ಅಲ್ಲವೇ? ಶಾಲೆಯವರು ಶನಿವಾರದ ಮಧ್ಯಾಹ್ನವನ್ನಾದರೂ ಬಿಟ್ಟುಕೊಡಬೇಡವೇ? ಇದನ್ನು ಕೇಳಲು ನಾಚಬೇಡ. ನೀವು ಓದುತ್ತಿರುವವರೆಲ್ಲ ಸೇರಿ ಬರೆದು ಕೊಡಿ.

ಒಂದು ಮಾತಿಗೆ ಮಾತ್ರ ನನಗೆ ನಿಜವಾಗಿ ನೋವಾಯಿತು. ಹಿಂದಿನ ಬ್ಯಾಚಿನವರ ರೆಕಾರ್ಡು ಸಿಗುತ್ತದೆ, ಕೇಸ್ ಸ್ಟಡಿ ನೋಡಿಕೊಂಡು ಬರೆದು ಕೊಡುತ್ತೇನೆ ಎಂದೆ. ಬೇಡ ಕಣೇ. ಕಾಲೇಜಿಗೆ ಹೋಗಿ ಓದುವವರು ಮಗುವನ್ನು ಹುಡುಕಿಕೊಂಡು ಹೋಗಬೇಕು. ನಿನ್ನೆದುರಿಗೆ ಹನ್ನೆರಡು ಮಕ್ಕಳು ಕೂತಿದ್ದಾರೆ. ಭಾನುವಾರ ಕೇಳಿದ್ದನ್ನು ಸೋಮವಾರವೇ ಮಾಡಿ ನೋಡುವ ಭಾಗ್ಯ ಕೆಲಸ ಮಾಡುತ್ತಾ ಓದುವವರಿಗೆ ಮಾತ್ರ. ಮಗುವಿನ ಕೌಶಲ ಅಳೆಯುವ ಎಂ.ಡಿ.ಪಿ.ಎಸ್. ಪರಿಶೀಲನಾ ಪಟ್ಟಿ ನಿನ್ನ ಬಳಿ ಇದೆಯಲ್ಲ, ಮದ್ರಾಸಿನಲ್ಲಿ ರೂಪಿಸಿದ್ದು. 18 ವಿಭಾಗ, ಒಂದೊಂದರಲ್ಲಿ 20, ಒಟ್ಟು 360 ಅಂಶ. ಪ್ರತಿಯೊಂದೂ ಮಗು ಏನು ಮಾಡುತ್ತದೆ ಎಂದೇ ಕೇಳುತ್ತದೆ. ಒಂದು ಮಗುವನ್ನು ಆರಿಸಿಕೋ, ಅದರ ಜೊತೆ ನಾಲ್ಕು ದಿನ ಕೂತು ತುಂಬು. ವೈಯಕ್ತಿಕ ಶಿಕ್ಷಣ ಯೋಜನೆ ಅದರೊಳಗಿಂದಲೇ ಹುಟ್ಟುತ್ತದೆ. ತಪ್ಪಿದ್ದನ್ನೂ ತಾರೀಖು ಹಾಕಿ ಬರೆ. ನಕಲು ಮಾಡಿದ ರೆಕಾರ್ಡಿನಲ್ಲಿ ನಿನ್ನ ಮಕ್ಕಳು ಇರುವುದಿಲ್ಲ.

ಮೂಲೆಯಲ್ಲಿ ಕೂರುವ ಆ ಹುಡುಗಿ ಹೆಸರು ಕರೆದರೂ ತಿರುಗುವುದಿಲ್ಲ ಎಂದೆಯಲ್ಲ, ಅವತ್ತಿನಿಂದ ಅದನ್ನೇ ಯೋಚಿಸುತ್ತಿದ್ದೇನೆ. "ಸೂಚನೆ ಪಾಲಿಸುವುದಿಲ್ಲ" ಎಂದು ಪಟ್ಟಿಯಲ್ಲಿ ಬರೆಯುವ ಮೊದಲು ಕಿವಿ ಪರೀಕ್ಷೆ ಆಗಿದೆಯೇ, ಅವರಮ್ಮನನ್ನು ಕೇಳು. ಆಗಿಲ್ಲದಿದ್ದರೆ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಬಾ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮನೆಗೆ ಹತ್ತಿರವೇ, ಬೆಳಿಗ್ಗೆ ಬೇಗ ನಾನೂ ಜೊತೆಗೆ ಬರುತ್ತೇನೆ. ಮಹಡಿಯ ಕೋಣೆ ಖಾಲಿ ಇದೆ, ಎರಡು ರಾತ್ರಿ ಉಳಿದುಕೊಳ್ಳಲಿ. ಬಸ್ಸು ಹತ್ತುವ ಮೊದಲು ಒಂದು ಫೋನ್ ಮಾಡು. ಆ ಮಗುವಿಗೆ ಖಾರ ಆಗುತ್ತದೋ ಇಲ್ಲವೋ ಅದನ್ನೂ ಕೇಳಿ ಹೇಳು.

ನಿನ್ನ
ದೊಡ್ಡಮ್ಮ