ನೊಂದ ಮಗುವಿಗೆ ಆಟದ ಆಸರೆ

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿ ಹರಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅಸಂಖ್ಯ ಕುಟುಂಬಗಳು ಮನೆಮಠ ತೊರೆದು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದವು. ಇಂತಹ ವಿಪತ್ತನ್ನು ಕಂಡ ಮಗುವು ಊರಿಗೆ ಮರಳಿದ ಮೇಲೆ ಮಣ್ಣಿನಲ್ಲಿ ಪುಟ್ಟ ಮನೆ ಕಟ್ಟಿ, ಅದರ ಮೇಲೆ ತಂಬಿಗೆ ನೀರು ಸುರಿದು ಕೆಡಹಿ, ಮತ್ತೆ ಕಟ್ಟಿ ಮತ್ತೆ ಕೆಡಹುವುದುಂಟು. ಅದನ್ನು ಕಂಡ ಅಜ್ಜಿ, “ಬಿಡ್ತು ಅನ್ನು, ಅಪಶಕುನದ ಆಟ ಆಡಬ್ಯಾಡ” ಎಂದು ಗದರುತ್ತಾಳೆ. ಆಕೆಯ ಗದರಿಕೆಯ ಹಿಂದೆಯೂ ಭಯವೇ ಇದೆ. ಆದರೂ ಆ ಆಟವನ್ನು ತಡೆಯಬಾರದೆಂದೇ ನಾವು ಹೇಳುತ್ತೇವೆ.

ಪ್ರವಾಹ ಬಂದಾಗ ಮಗುವಿನ ಕೈಯಲ್ಲಿ ಏನೂ ಇರಲಿಲ್ಲ. ಆಟದಲ್ಲಿ ತಂಬಿಗೆ ಅದರ ಕೈಯಲ್ಲಿದೆ. ಬೇಕೆಂದಾಗ ಸುರಿಯುತ್ತದೆ, ಸಾಕೆಂದಾಗ ನಿಲ್ಲಿಸುತ್ತದೆ. ಮಾತಿಗೆ ನಿಲುಕದ ಭೀತಿಯನ್ನು ಹೀಗೆ ಪುಟ್ಟದಾಗಿಸಿ ಅಂಗಳದಲ್ಲಿಟ್ಟು ನೋಡುವುದರಿಂದ ಮನಸ್ಸು ಅದನ್ನು ಸ್ವಲ್ಪ ಸ್ವಲ್ಪವಾಗಿ ಅರಗಿಸಿಕೊಳ್ಳುತ್ತದೆ. ಆಟದ ಚಿಕಿತ್ಸೆಯ ತಿರುಳು ಇದೇ.

ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1920ರ ದಶಕದ ಕೊನೆಯಲ್ಲಿಯೇ ಮಕ್ಕಳ ಮುಂದೆ ಮರಳು ತುಂಬಿದ ತಟ್ಟೆ, ಪುಟ್ಟ ಬೊಂಬೆಗಳನ್ನು ಇಡುತ್ತಿದ್ದರು. ಮಕ್ಕಳು ಅದರಲ್ಲಿ ಕಟ್ಟಿದ್ದನ್ನು ‘ಪ್ರಪಂಚ’ ಎಂದು ಕರೆದರು. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಸ್ಪಷ್ಟ ಸೂತ್ರಗಳನ್ನು ಕೊಟ್ಟರು: ಮಗು ಮುಂದೆ ನಡೆಯಬೇಕು, ಚಿಕಿತ್ಸಕರು ಹಿಂಬಾಲಿಸಬೇಕು, ಅವಸರಪಡಿಸಬಾರದು, ಮಗುವನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕು. ಕೇಳಲು ಸುಲಭ, ಪಾಲಿಸಲು ಕಷ್ಟ. ಮಕ್ಕಳಿಗೆ ಬುದ್ಧಿ ಹೇಳದೆ ಅರ್ಧ ಗಂಟೆ ಸುಮ್ಮನಿರುವುದು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ!

ಮನೆಯಲ್ಲಿ ನಾವು ಚಿಕಿತ್ಸಕರಾಗಲಾರೆವು, ಆಸರೆಯಾಗಬಲ್ಲೆವು. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಮಣ್ಣು, ಬೊಂಬೆ, ಅಡುಗೆ ಆಟದ ಸಾಮಾನು ಸಾಕು. ಮೊಬೈಲ್ ದೂರವಿರಲಿ. “ಯಾಕೆ ಹೀಗೆ ಮಾಡಿದೆ?” ಎಂದು ಕೇಳದೆ, “ಈ ಬೊಂಬೆಗೆ ತುಂಬ ಹೆದರಿಕೆಯಾಗಿದೆ” ಎಂದು ಕಂಡದ್ದನ್ನಷ್ಟೇ ಮೆಲುದನಿಯಲ್ಲಿ ನುಡಿಯಬೇಕು. ತನಗಾಗಲಿ ಇತರರಿಗಾಗಲಿ ಪೆಟ್ಟು ಮಾಡಿಕೊಳ್ಳದಂತೆ ತಡೆಯುವುದೊಂದೇ ನಿರ್ಬಂಧ.

ಎಲ್ಲ ಆಟವೂ ಗುಣಪಡಿಸುವುದೆಂದು ತಿಳಿಯಬಾರದು. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನ 26 ಮಕ್ಕಳನ್ನು ಅಪಹರಿಸಿ, ನೆಲದಡಿ ಹೂತಿಟ್ಟ ವಾಹನದಲ್ಲಿ ಕೂಡಿಹಾಕಲಾಗಿತ್ತು. ಎಲ್ಲರೂ ಜೀವಸಹಿತ ಪಾರಾದರು. ಅವರನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್, ಕೆಲವು ಮಕ್ಕಳು ಅದೇ ಘಟನೆಯನ್ನು ನಗುವಿಲ್ಲದೆ, ಬದಲಾವಣೆಯಿಲ್ಲದೆ ಮತ್ತೆ ಮತ್ತೆ ಆಡುವುದನ್ನೂ, ಆಡಿದರೂ ಅವರ ಭಯ ಇಳಿಯದಿರುವುದನ್ನೂ ಗುರುತಿಸಿದರು. ನಾವು ಗಮನಿಸಬೇಕಾದುದು ಈ ವ್ಯತ್ಯಾಸವನ್ನು. ಒಂದು ದಿನ ಮಣ್ಣಿನ ಮನೆಯೊಳಗಿನ ಬೊಂಬೆಯನ್ನು ಮಗುವು ನೀರು ಸುರಿಯುವ ಮೊದಲೇ ಎತ್ತಿ ಪಕ್ಕಕ್ಕಿಟ್ಟರೆ ಆಟ ಮುಂದೆ ಸಾಗುತ್ತಿದೆ ಎಂದರ್ಥ. ವಾರಗಳು ಉರುಳಿದರೂ ಆಟ ಹಾಗೆಯೇ ಇದ್ದು, ಮುಗಿದಾಗ ಮಗು ಇನ್ನಷ್ಟು ಬೆದರಿದ್ದರೆ, ನಿದ್ದೆಯಲ್ಲಿ ಚೀರಿದರೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ ತಜ್ಞರ ನೆರವು ಪಡೆಯಬೇಕು.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗವನ್ನು ಕಾಣಬಹುದು. ಟೆಲಿ ಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಮಗುವಿನ ಆಟದಲ್ಲಿ ಯಾರೋ ಅದಕ್ಕೆ ಹಿಂಸೆ ಕೊಟ್ಟ ಸುಳಿವು ಕಂಡರೆ ಮನೆಯಲ್ಲಿ ವಿಚಾರಣೆ ನಡೆಸದೆ, ಮಗುವನ್ನು ಆ ವ್ಯಕ್ತಿಯಿಂದ ದೂರವಿರಿಸಿ, 1098ಕ್ಕೆ ಕರೆ ಮಾಡಬೇಕು. ಆ ವ್ಯಕ್ತಿ ನಮ್ಮ ಬಂಧುವೇ ಆಗಿದ್ದರೂ ಸರಿ.