ಪವರ್ ಸಪ್ಲೈ ಕಟ್ಟುವ ಮುನ್ನ ಒಂದು ಮಾತು

ವಿಡಿಯೊ ನೋಡಿದ ಮರುದಿನವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಓಡಿ, ಕಂಡ ಬಿಡಿಭಾಗಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುತ್ತೀರಿ. ನಿಮ್ಮ ಉತ್ಸಾಹ ದೊಡ್ಡದು, ಸಂತೋಷ. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ. ನೀವು ಕೈ ಹಾಕಲು ಹೊರಟಿರುವುದು 230 ವೋಲ್ಟಿಗೆ.

ಅದನ್ನು ಸದ್ಯಕ್ಕೆ ಬಿಡಿ. ಬಿಐಎಸ್ ಗುರುತಿರುವ 12 ವೋಲ್ಟ್ ಡಿಸಿ ಅಡಾಪ್ಟರ್ ಒಂದನ್ನು ಕೊಂಡು, ಅದರಿಂದ ಈಚೆಗಿನ ಭಾಗವನ್ನಷ್ಟೇ ಕಟ್ಟಿ. 7805 ರೆಗ್ಯುಲೇಟರ್ ಹಾಕಿ 5 ವೋಲ್ಟಿಗೆ ಇಳಿಸಿ, ಅರ್ಧ ಆಂಪಿಯರ್ ಎಳೆದು ನೋಡಿ. ಮಿಕ್ಕ 7 ವೋಲ್ಟ್ ಎಲ್ಲಿಗೆ ಹೋಯಿತು? 3.5 ವಾಟ್ ಶಾಖವಾಗಿ ಆ ಪುಟ್ಟ ಐಸಿಯನ್ನೇ ಸುಡುತ್ತಿರುತ್ತದೆ. ಹೀಟ್‌ಸಿಂಕ್ ಏಕೆ ಬೇಕೆಂದು ಆಗ ತಿಳಿಯುತ್ತದೆ.

ಇಷ್ಟು ಕೈಗೆ ಹತ್ತಿದ ಮೇಲೆ ಟ್ರಾನ್ಸ್‌ಫಾರ್ಮರ್. ಹೆಚ್ಚಿನವರು ಎಡವುವುದು ಇಲ್ಲೇ. ಮೇಲೆ 12 ವೋಲ್ಟ್ ಎಂದು ಬರೆದಿದ್ದರೂ ಎಸಿಯ ಗರಿಷ್ಠ ವೋಲ್ಟೇಜ್ ಅದರ 1.414 ಪಟ್ಟು, ಅಂದರೆ ಹತ್ತಿರಹತ್ತಿರ 17 ವೋಲ್ಟ್. ಎಸಿಯನ್ನು ಡಿಸಿ ಮಾಡುವ ಬ್ರಿಜ್ಜಿನ ಎರಡು ಡಯೋಡ್‌ಗಳು ಸುಮಾರು 1.4 ವೋಲ್ಟ್ ತಿಂದರೂ ಕೆಪಾಸಿಟರಿಗೆ 15.5 ವೋಲ್ಟ್ ಉಳಿಯುತ್ತದೆ, ಲೋಡ್ ಇಲ್ಲದಾಗ ಇನ್ನೂ ಏರುತ್ತದೆ. ನಾಲ್ಕು ರೂಪಾಯಿ ಉಳಿಸಲು 16 ವೋಲ್ಟಿನದನ್ನು ಹಾಕಬೇಡಿ, 25 ವೋಲ್ಟಿನದೇ ಇರಲಿ. ಪ್ಲಸ್ ಮೈನಸ್ ಅದಲುಬದಲಾದರೆ ಅದು ಸಿಡಿಯುತ್ತದೆ, ಎರಡು ಸಲ ನೋಡಿ ಬೆಸುಗೆ ಹಾಕಿ.

230 ವೋಲ್ಟಿನ ಕಡೆ ಫ್ಯೂಸ್ ಫೇಸ್ ತಂತಿಯಲ್ಲೇ ಇರಬೇಕು. ಡಬ್ಬಿ ಲೋಹದ್ದಾದರೆ ಅರ್ಥ್ ತಂತಿಯನ್ನು ಅದಕ್ಕೆ ಬಿಗಿಯಾಗಿ ಸ್ಕ್ರೂ ಮಾಡಿ. ಅರ್ಥ್ ಪಿನ್ ಮುರಿದ ಪ್ಲಗ್ ಬಳಸುವ ಅಭ್ಯಾಸ ಇದೆಯಲ್ಲ, ಅದನ್ನು ಇಂದೇ ಬಿಡಿ. ಮನೆಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಹೊಸ ಸರ್ಕ್ಯೂಟಿಗೆ ಮೊದಲ ಬಾರಿ ಕರೆಂಟ್ ಕೊಡುವಾಗ ಸೀರೀಸ್‌ನಲ್ಲಿ ಬಲ್ಬ್ ಇರಲಿ, ಫಿಲಮೆಂಟ್ ಬಲ್ಬ್, ಎಲ್‌ಇಡಿ ಅಲ್ಲ. ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ಎಲ್ಲೋ ಶಾರ್ಟ್ ಆಗಿದೆ ಎಂದೇ ತಿಳಿಯಿರಿ.

ಎಸ್‌ಎಂಪಿಎಸ್ ಬಿಚ್ಚುವ ಚಪಲ ಮಾತ್ರ ಬೇಡ. ಅದರೊಳಗಿನ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ಸರ್ಕ್ಯೂಟ್‌ಗಳೂ ಬೇಡ, ಅವುಗಳ ಯಾವ ತುದಿ ಮುಟ್ಟಿದರೂ ಶಾಕ್ ಹೊಡೆಯಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೊದಲ ಸಲ ಸ್ವಿಚ್ ಒತ್ತುವಾಗ ಒಬ್ಬರೇ ಇರಬೇಡಿ. ಮನೆಯವರೊಬ್ಬರನ್ನು ಕರೆದು, ಮೇನ್ ಸ್ವಿಚ್ ಎಲ್ಲಿದೆ, ಹೇಗೆ ಆರಿಸಬೇಕೆಂದು ತೋರಿಸಿಟ್ಟು ಆಮೇಲೆ ಶುರುಮಾಡಿ.