ಹಾವಿಗೆ ಕಿವಿ ಎಲ್ಲಿ ಅಂಟಿಸಲಿ?

ಪಕ್ಕದ ನಲಿ-ಕಲಿ ತರಗತಿಯ ಶಿಕ್ಷಕಿ ರಜೆಯಲ್ಲಿದ್ದ ಎರಡು ದಿನ ಆ ಮಕ್ಕಳು ನನ್ನ ಪಾಲಿಗೆ ಬಂದರು. ಡ್ರಾಯಿಂಗ್ ಹಾಳೆಯಲ್ಲಿ ಚಿತ್ರ ಬರೆದು ಹೊಲಿದ ಪುಟ್ಟ ಪುಸ್ತಕ ತೋರಿಸುತ್ತಾ ಪಂಜೆ ಮಂಗೇಶರಾಯರ 'ಹಾವಿನ ಹಾಡು' ಹಾಡಿಸಿದೆ. ಪ್ರಾಸದ ಪದಕ್ಕೆ ಮುಂಚೆ ನಾನು ತಡೆದರೆ ಸಾಕು, ಮಕ್ಕಳೇ ಅದನ್ನು ಕೂಗುತ್ತಿದ್ದರು. ಹಾಲಿನ ಸಾಲು ಬಂದಾಗ ನನ್ನೊಳಗಿನ ಬಿ.ಎಸ್ಸಿ. ಸುಮ್ಮನಿರಲಿಲ್ಲ, ಹಾವಿಗೆ ಹಾಲು ಆಹಾರವಲ್ಲ ಎಂದು ತಿದ್ದಿದೆ. ಹಾಡು ಅಲ್ಲಿಗೇ ನಿಂತಿತು. ಮತ್ತೆ ಯಾರೂ ಬಾಯಿ ಬಿಡಲಿಲ್ಲ.

ಮರುದಿನ ಹಾಡನ್ನು ಪೂರ್ತಿ ಹಾಡಿಸಿ, ದುಂಡು ಕಾಗದವನ್ನು ಸುರುಳಿಯಾಗಿ ಕತ್ತರಿಸಿ ಹಾವು ಮಾಡಿಸಿದೆ. ಕೆಂಪು ಕಾಗದದ ಸೀಳು ನಾಲಿಗೆ ಅಂಟಿಸಿದ ಮೇಲೆ ಒಬ್ಬಳು, "ಮಿಸ್, ಕಿವಿ ಎಲ್ಲಿ ಅಂಟಿಸ್ಲಿ?" ಎಂದಳು. ಹಾವಿಗೆ ಹೊರಕಿವಿಯಿಲ್ಲ, ನೆಲದ ಕಂಪನ ಅದರ ಮೈಗೆ ತಿಳಿಯುತ್ತದೆ, ನಾಲಿಗೆ ಚಾಚುವುದು ವಾಸನೆ ಹಿಡಿಯಲು ಎಂದೆ. ನಾನು ಕಾಲು ಕುಟ್ಟಿದ್ದನ್ನು ಎಲ್ಲರೂ ನೆಲಕ್ಕೆ ಅಂಗೈ ಒತ್ತಿ 'ಕೇಳಿದರು'. ಹಾಲಿನ ಮಾತನ್ನು ಆಗ ಅವರೇ ಎತ್ತಿದರು. ಒಬ್ಬ ಮಾತ್ರ, "ಕಬ್ಬಿನ ಗದ್ದೇಲಿ ಕಂಡ್ರೂ ಕೈ ಮುಗಿದು ಕರೀಬೇಕಾ ಮಿಸ್?" ಎಂದ. ಹಾಡಿನ ಹಾವನ್ನು ಕರೆಯಬಹುದು, ಗದ್ದೆಯದನ್ನು ಕಂಡರೆ ದೂರ ಸರಿದು ದೊಡ್ಡವರಿಗೆ ಹೇಳಬೇಕು ಎಂದೆ. ಇದಂತೂ ಪಾಠಯೋಜನೆಯಲ್ಲಿ ಬರೆದೇ ಇರಲಿಲ್ಲ.